ಅಡ್ಡಹೆಸರು ಎಂಬ ದತ್ತಾಂಶ: ಕೊಣ್ಣೂರಿನ ಎಂಟನೆಯ ತರಗತಿಯಲ್ಲಿ ಮೂರು ಅವಧಿಗಳು

ಪೀಠಿಕೆ

ನಾನು ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಓದುತ್ತಿರುವ ಪ್ರಶಿಕ್ಷಣಾರ್ಥಿ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಗೋಕಾಕ ತಾಲೂಕಿನ ಕೊಣ್ಣೂರಿನ ಒಂದು ಪ್ರೌಢಶಾಲೆ. ವಿಷಯ ಗಣಿತ, ತರಗತಿ ಎಂಟು, ಘಟಕ ‘ದತ್ತಾಂಶಗಳ ನಿರ್ವಹಣೆ’. ತಾಳೆ ಗುರುತು, ಆವೃತ್ತಿ ಪಟ್ಟಿ, ಸ್ತಂಭ ನಕ್ಷೆ, ವೃತ್ತ ನಕ್ಷೆ ಇಷ್ಟನ್ನು ಮೂರು ಅವಧಿಗಳಲ್ಲಿ ಕಲಿಸಬೇಕಿತ್ತು. ಪಠ್ಯಪುಸ್ತಕದ ಉದಾಹರಣೆಗಳಿಗಿಂತ ಮಕ್ಕಳ ಬದುಕಿನಿಂದಲೇ ದತ್ತಾಂಶ ತೆಗೆದುಕೊಂಡರೆ ಪಾಠ ಜೀವಂತವಾಗುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಹಾಜರಿ ಕೂಗುವಾಗ ನನ್ನ ಕಿವಿಗೆ ಬಿದ್ದದ್ದು ಮಕ್ಕಳ ಅಡ್ಡಹೆಸರುಗಳು. ಒಂದು ಊರಿನದು, ಒಂದು ಕಸುಬಿನದು, ಒಂದು ಮೆಣಸಿನಕಾಯಿಯದು, ಒಂದು ಉಳ್ಳಾಗಡ್ಡಿಯದು. ಇದಕ್ಕಿಂತ ಒಳ್ಳೆಯ ದತ್ತಾಂಶ ಇನ್ನೇನು ಬೇಕು ಎಂದುಕೊಂಡು ಪಾಠಯೋಜನೆ ಬರೆದೆ.

ಓದುಗರಿಗೆ ಒಂದು ಮಾತು. ಹಳೆ ಮೈಸೂರಿನ ಕಡೆ ‘ಅಡ್ಡಹೆಸರು’ ಎಂದರೆ ಗೆಳೆಯರು ತಮಾಷೆಗೆ ಇಟ್ಟ ಹೆಸರು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಅದು ಮನೆತನದ ಹೆಸರು. ಈ ಲೇಖನದಲ್ಲಿ ಎರಡನೆಯ ಅರ್ಥದಲ್ಲೇ ಬಳಸಿದ್ದೇನೆ.

ಮೊದಲ ಅವಧಿ: ನಾನು ಎಳೆದ ಒಂದು ಗೆರೆ

ಕರಿಹಲಗೆಯ ಮೇಲೆ ನಾಲ್ಕು ಸಾಲು ಹಾಕಿದೆ: ಊರು, ಹುದ್ದೆ, ಕಸುಬು, ಮನೆ ಅಥವಾ ವಸ್ತು. ಒಬ್ಬೊಬ್ಬರೇ ಎದ್ದು ನಿಂತು ತಮ್ಮ ಅಡ್ಡಹೆಸರು ಮತ್ತು ಅದರ ಅರ್ಥ ಹೇಳಬೇಕು, ನಾನು ತಾಳೆ ಗುರುತು ಹಾಕಬೇಕು. ಮೊದಲ ಹತ್ತು ನಿಮಿಷ ತರಗತಿ ಹಬ್ಬದಂತಿತ್ತು. ‘ಉಳ್ಳಾಗಡ್ಡಿ’ ಎಂದಾಗ ಎಲ್ಲರೂ ನಕ್ಕರು, ಹೇಳಿದವನೂ ನಕ್ಕ.

ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ತನ್ನ ಹೆಸರು ಮತ್ತು ಅಪ್ಪನ ಹೆಸರು ಹೇಳಿ ಕುಳಿತುಕೊಳ್ಳಲು ಹೋದ. “ಅಡ್ಡಹೆಸರು ಹೇಳಪ್ಪಾ” ಎಂದೆ. ಸುಮ್ಮನಿದ್ದ. ಇನ್ನೊಮ್ಮೆ ಕೇಳಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಅದನ್ನು ಕೂಗಿ ಹೇಳಿದರು. ಅದು ಜಾತಿಯ ಹೆಸರೂ ಆಗಿತ್ತು. ಇಬ್ಬರು ಮೂವರು ನಕ್ಕರು. ಈ ನಗು ಉಳ್ಳಾಗಡ್ಡಿಯ ನಗು ಆಗಿರಲಿಲ್ಲ. ನಾನೇನು ಮಾಡಿದೆ? ‘ಕಸುಬು’ ಎಂಬ ಸಾಲಿನಲ್ಲಿ ಒಂದು ಗೆರೆ ಎಳೆದು ಮುಂದಿನವರನ್ನು ಎಬ್ಬಿಸಿದೆ. ಯೋಜನೆಯಂತೆ ಅವಧಿ ಸರಿಯಾದ ಸಮಯಕ್ಕೆ ಮುಗಿಯಿತು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ನನ್ನ ಪುಸ್ತಕದಲ್ಲಿ ಕರಿಹಲಗೆ ಬಳಕೆ, ಧ್ವನಿ, ಪ್ರಶ್ನೆ ಕೇಳುವ ಕೌಶಲ ಎಲ್ಲಕ್ಕೂ ಒಳ್ಳೆಯ ಮಾತು ಬರೆದಿದ್ದರು. ಕೊನೆಗೆ ಒಂದೇ ಪ್ರಶ್ನೆ: “ದತ್ತಾಂಶ ಕೊಟ್ಟವರಿಗೆ ಕೊಡದೇ ಇರುವ ಅವಕಾಶ ಇತ್ತೇ?” ಇರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆ ಹುಡುಗನನ್ನು ಪಡಸಾಲೆಯಲ್ಲಿ ಕಂಡು, “ನಾ ಹಂಗ ಎಲ್ಲಾರ ಮುಂದ ಕೇಳಬಾರದಿತ್ತು” ಎಂದೆ. “ಇರ್ಲಿ ಬಿಡ್ರಿ ಟೀಚರ್” ಎಂದ. ಅವನಿಗೆ ಇದು ಹೊಸದೇನೂ ಆಗಿರಲಿಲ್ಲ ಎಂಬುದು ಆ ಮಾತಿನಲ್ಲೇ ಗೊತ್ತಾಯಿತು.

ವಿಷಯ ಸಿದ್ಧತೆ: ಅಡ್ಡಹೆಸರು ಎಲ್ಲಿಂದ ಬಂತು

ಅಂದು ರಾತ್ರಿ ನನಗೆ ಹೊಳೆದದ್ದು, ನಾನು ವರ್ಗೀಕರಿಸಲು ಹೊರಟ ವಸ್ತುವಿನ ಬಗ್ಗೆಯೇ ನಾನು ಸರಿಯಾಗಿ ಓದಿರಲಿಲ್ಲ ಎಂಬುದು. ಗಣಿತದ ಶಿಕ್ಷಕಿಗೆ ಇತಿಹಾಸವೇಕೆ ಎಂದುಕೊಂಡಿದ್ದೆ. ಆದರೆ ಸಾಲುಗಳ ತಲೆಬರಹ ಬರೆಯುವುದೇ ಇತಿಹಾಸದ ಕೆಲಸ. ಎರಡು ದಿನ ಗ್ರಂಥಾಲಯದಲ್ಲಿ ಕುಳಿತು ತಿಳಿದುಕೊಂಡದ್ದರ ಸಾರ ಇದು.

ಮೊದಲನೆಯದು, ಹೆಸರು ಬರೆಯುವ ಕ್ರಮ. ನಮ್ಮ ಭಾಗ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿಯ ಪದ್ಧತಿಯಂತೆ ಮೊದಲು ಸ್ವಂತ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ವಿನಾಯಕ ಕೃಷ್ಣ ಗೋಕಾಕ ಎಂಬ ಹೆಸರು ಈ ಮೂರು ಮನೆಗಳನ್ನೂ ತುಂಬಿದ ಮಾದರಿ. ಹಳೆ ಮೈಸೂರಿನಲ್ಲಿ ಊರು ಮತ್ತು ತಂದೆಯ ಹೆಸರು ಮುಂದಿನ ಇನಿಶಿಯಲ್‌ಗಳಾಗಿ ಕುಗ್ಗಿದವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕೆ.ವಿ. ಪುಟ್ಟಪ್ಪ ಆದರು. ಒಂದೇ ಮಾಹಿತಿ, ಎರಡು ನಮೂನೆ.

ಎರಡನೆಯದು, ಹುದ್ದೆಯ ಹೆಸರುಗಳು. ಗೌಡ ಮತ್ತು ಪಾಟೀಲ ಎಂದರೆ ಊರಿನ ಮುಖ್ಯಸ್ಥ. ‘ಗೌಡ’ದ ಹಳೆಯ ರೂಪ ‘ಗಾವುಂಡ’ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕುಲಕರ್ಣಿ ಊರಿನ ಲೆಕ್ಕ ಬರೆಯುವವ. ದೇಸಾಯಿ ಮತ್ತು ದೇಶಪಾಂಡೆ ಹಲವು ಊರು ಕೂಡಿದ ಪರಗಣೆಯ ಮಟ್ಟದವರು. ತಳವಾರ, ವಾಲೀಕಾರ ಊರಿನ ಕಾವಲು, ಓಲೆ ಕೆಲಸದವರು. ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ರದ್ದು ಮಾಡಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ನಮ್ಮ ರಾಜ್ಯದ 1961ರ ಕಾಯ್ದೆ ತೆಗೆದುಹಾಕಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಇಂದು ಕುಲಕರ್ಣಿ ಎನ್ನುವವರು ಊರಿನ ಲೆಕ್ಕ ಬರೆಯುವುದಿಲ್ಲ.

ಮೂರನೆಯದು, ಕಸುಬಿನ ಹೆಸರುಗಳು: ಕಂಬಾರ, ಬಡಿಗೇರ, ಪತ್ತಾರ, ಕುಂಬಾರ, ಹೂಗಾರ, ಗಾಣಿಗೇರ, ಮಡಿವಾಳರ. ನಾಲ್ಕನೆಯದು, ಮನೆ ಮತ್ತು ವಸ್ತು: ಹೊಸಮನಿ, ದೊಡಮನಿ, ಹಿತ್ತಲಮನಿ, ಅಂಗಡಿ, ಬೆಲ್ಲದ. ‘ಮನೆ’ ಎನ್ನದೆ ‘ಮನಿ’ ಎಂದಿರುವುದನ್ನು ಗಮನಿಸಬೇಕು. ಜನ ಆಡಿದ್ದನ್ನೇ ಗುಮಾಸ್ತ ಬರೆದುಕೊಂಡ.

ಐದನೆಯದು, ಊರಿನ ಹೆಸರುಗಳು. ಇಲ್ಲಿಯೇ ನನಗೆ ಹೆಚ್ಚು ಕುತೂಹಲ ಹುಟ್ಟಿತು. ‘ಕೊಣ್ಣೂರ’ ಎಂಬ ಅಡ್ಡಹೆಸರನ್ನೇ ತೆಗೆದುಕೊಳ್ಳೋಣ. ಕೊಣ್ಣೂರಿನಲ್ಲೇ ಇದ್ದವನನ್ನು ಯಾರೂ ಕೊಣ್ಣೂರದವ ಎಂದು ಕರೆಯುವುದಿಲ್ಲ, ಇಲ್ಲಿ ಎಲ್ಲರೂ ಕೊಣ್ಣೂರದವರೇ. ಅವನು ಬೇರೆ ಊರಿಗೆ ಹೋಗಿ ನೆಲೆಸಿದಾಗ ಅಲ್ಲಿಯವರು ಆ ಹೆಸರು ಕೊಡುತ್ತಾರೆ. ಅಂದರೆ ಊರಿನ ಅಡ್ಡಹೆಸರು ಹೇಳುವುದು ಇರುವ ಊರನ್ನಲ್ಲ, ಬಿಟ್ಟು ಬಂದ ಊರನ್ನು. ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, 1909ರಲ್ಲಿ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಲ್ಲಿ, 1913ರಲ್ಲಿ. ಮಲ್ಲಿಕಾರ್ಜುನ ಮನ್ಸೂರರು ಮಾತ್ರ ಮನ್ಸೂರಿನಲ್ಲೇ ಹುಟ್ಟಿ, ಹೊರಗೆ ಹೋಗಿ ಆ ಹೆಸರನ್ನು ಜಗತ್ತಿಗೆ ಕೇಳಿಸಿದರು.

ಸರಿ, ಕೊಣ್ಣೂರ ಎಂದರೆ ಯಾವ ಕೊಣ್ಣೂರು? ಗೋಕಾಕ ಜಲಪಾತದ ಹತ್ತಿರದ ನಮ್ಮ ಕೊಣ್ಣೂರು ರಟ್ಟರ ಕಾಲದ ಶಾಸನದಲ್ಲಿ ‘ಕೊಂಡನೂರು’. ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿ, ಮಲಪ್ರಭೆಯ ಕಡೆ ಇನ್ನೊಂದು ಕೊಣ್ಣೂರಿದೆ. ರಾಷ್ಟ್ರಕೂಟ ಅಮೋಘವರ್ಷನು ಕ್ರಿ.ಶ. 860ರಲ್ಲಿ ಕೊಟ್ಟ ದಾನವನ್ನು ಹೇಳುವ ಶಾಸನ ಅಲ್ಲಿಯದು, ಅದರಲ್ಲಿ ಊರಿನ ಹೆಸರು ‘ಕೊಳನೂರು’. ಎರಡು ಬೇರೆ ಹೆಸರುಗಳು ಜನರ ಬಾಯಲ್ಲಿ ಸವೆದು ಸವೆದು ಒಂದೇ ಆಗಿವೆ. ಹಾಗಾಗಿ ‘ಕೊಣ್ಣೂರ’ ಎಂಬ ಅಡ್ಡಹೆಸರಿನ ಮನೆತನ ಘಟಪ್ರಭೆಯ ಸೀಮೆಯದೋ ಮಲಪ್ರಭೆಯ ಸೀಮೆಯದೋ ಎಂಬುದನ್ನು ಆ ಹೆಸರೊಂದೇ ಹೇಳಲಾರದು. ಮನೆದೇವರು ಯಾವುದು, ಹಳೆಯ ಹೊಲ ಎಲ್ಲಿತ್ತು, ಹಿರಿಯರು ಏನು ಹೇಳುತ್ತಿದ್ದರು ಎಂದು ಕೇಳಬೇಕು. ಒಂದೇ ದತ್ತಾಂಶದಿಂದ ತೀರ್ಮಾನಕ್ಕೆ ಬರಬಾರದು ಎಂಬುದಕ್ಕೆ ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಎರಡನೆಯ ಅವಧಿ: ಹದಿನೆಂಟು ಹೆಸರು, 360 ಅಂಶ

ಈ ಸಲ ಮಕ್ಕಳ ಹೆಸರುಗಳನ್ನು ಬಿಟ್ಟೆ. ಉತ್ತರ ಕರ್ನಾಟಕದ ಹದಿನೆಂಟು ಪ್ರಸಿದ್ಧರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು ಗುಂಪುಗಳಿಗೆ ಹಂಚಿದೆ. ಹದಿನೆಂಟನ್ನೇ ಆರಿಸಿದ್ದಕ್ಕೆ ಕಾರಣ ಸರಳ: 360ನ್ನು 18ರಿಂದ ಭಾಗಿಸಿದರೆ 20. ಒಬ್ಬೊಬ್ಬರಿಗೆ ವೃತ್ತದಲ್ಲಿ 20 ಅಂಶ.

ಗುಂಪುಗಳು ಚರ್ಚಿಸಿ ಹೀಗೆ ಜೋಡಿಸಿದವು.

ಊರು: ವಿ.ಕೃ. ಗೋಕಾಕ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಎಂ.ಎಂ. ಕಲಬುರ್ಗಿ, ಕೀರ್ತಿನಾಥ ಕುರ್ತಕೋಟಿ, ಆಲೂರು ವೆಂಕಟರಾಯರು, ಹುಯಿಲಗೋಳ ನಾರಾಯಣರಾಯರು, ಬೆಟಗೇರಿ ಕೃಷ್ಣಶರ್ಮರು. ಆವೃತ್ತಿ 8, ಕೋನ 160 ಅಂಶ.

ಹುದ್ದೆ: ಶಾಂತಿನಾಥ ದೇಸಾಯಿ, ಗಂಗಾಧರರಾವ ದೇಶಪಾಂಡೆ, ಚಂದ್ರಶೇಖರ ಪಾಟೀಲ, ಗೀತಾ ಕುಲಕರ್ಣಿ, ಸಿದ್ಧಲಿಂಗ ಪಟ್ಟಣಶೆಟ್ಟಿ. ಆವೃತ್ತಿ 5, ಕೋನ 100 ಅಂಶ.

ಕಸುಬು, ವಿದ್ಯೆ: ಚಂದ್ರಶೇಖರ ಕಂಬಾರ, ಕೃಷ್ಣಮೂರ್ತಿ ಪುರಾಣಿಕ, ಭೀಮಸೇನ ಜೋಶಿ. ಆವೃತ್ತಿ 3, ಕೋನ 60 ಅಂಶ.

ಮನೆ: ಬಸವರಾಜ ಕಟ್ಟೀಮನಿ. ಆವೃತ್ತಿ 1, ಕೋನ 20 ಅಂಶ.

ಉಳಿದದ್ದು ಬಸವರಾಜ ರಾಜಗುರು. ಒಂದು ಗುಂಪು ಅದನ್ನು ಹುದ್ದೆ ಎಂದಿತು, ಇನ್ನೊಂದು ವಿದ್ಯೆ ಎಂದಿತು. ಐದು ನಿಮಿಷ ಜಗಳವಾಡಿದ ಮೇಲೆ ‘ಇತರೆ’ ಎಂಬ ಹೊಸ ಸಾಲು ಬಂತು, ಅದಕ್ಕೂ 20 ಅಂಶ. ದತ್ತಾಂಶ ತಾನಾಗಿ ಸಾಲಿನಲ್ಲಿ ನಿಲ್ಲುವುದಿಲ್ಲ, ನಿಲ್ಲಿಸುವವರು ನಾವು ಎಂಬುದು ಮಕ್ಕಳಿಗೆ ನನ್ನ ವಿವರಣೆ ಇಲ್ಲದೆಯೇ ತಿಳಿಯಿತು. ಬೆಟಗೇರಿ ಎಂದರೆ ಗದಗ-ಬೆಟಗೇರಿ ಎಂದು ಹಲವರು ತಿಳಿದಿದ್ದರು. ಕೃಷ್ಣಶರ್ಮರ ಬೆಟಗೇರಿ ನಮ್ಮ ಗೋಕಾಕ ಸೀಮೆಯದು ಎಂದಾಗ ತರಗತಿಗೆ ಹೆಮ್ಮೆ. ಕಟ್ಟೀಮನಿಯವರು ಹುಟ್ಟಿದ ಮಲಾಮರಡಿ ಗೋಕಾಕ ತಾಲೂಕಿನದು, ಕಂಬಾರರ ಘೋಡಗೇರಿ ಹುಕ್ಕೇರಿ ತಾಲೂಕಿನದು ಎಂದಾಗ ಇನ್ನಷ್ಟು.

ಅವಧಿಯ ಕೊನೆಗೆ ಒಂದು ಖಾಲಿ ಡಬ್ಬಿ ಇಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಲು ಹೇಳಿದೆ. ಮನೆಗೆ ಹೋಗಿ ತೆರೆದರೆ ಹೆಚ್ಚಿನವು ಕೋನಮಾಪಕದ ಬಗ್ಗೆ. ಒಂದರಲ್ಲಿ ಹೀಗಿತ್ತು: “ಈ ಪಟ್ಟಿಯೊಳಗ ನಮ್ಮ ಓಣಿಯ ಅಡ್ಡಹೆಸರು ಒಂದೂ ಯಾಕ ಇಲ್ಲ?”

ಅಕ್ಷರ ಯಾರದು ಎಂದು ನಾನು ಹೋಲಿಸಿ ನೋಡಲಿಲ್ಲ. ಆದರೆ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಹದಿನೆಂಟು ಹೆಸರು ಆರಿಸಿದವಳು ನಾನು. ನನಗೆ ಥಟ್ಟನೆ ನೆನಪಾದವರು ಅವರು. ಗಣಿತದ ಮಾತಿನಲ್ಲಿ ಹೇಳುವುದಾದರೆ, ನನ್ನ ಮಾದರಿ ಓಲಿತ್ತು.

ಮೂರನೆಯ ಅವಧಿ: ಪಟ್ಟಿಯಲ್ಲಿ ಇಲ್ಲದವರು

ಆ ಪ್ರಶ್ನೆಯನ್ನೇ ಕರಿಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದೆ. ಈ ಹದಿನೆಂಟು ಹೆಸರು ಉತ್ತರ ಕರ್ನಾಟಕದ ಜನಸಂಖ್ಯೆಯ ಮಾದರಿಯೇ? ಅಲ್ಲ. ಯಾರ ಮಾದರಿ? “ಪುಸ್ತಕದಾಗ ಬಂದವರದ್ದು” ಎಂದಳು ಒಬ್ಬಳು. ಪುಸ್ತಕದಲ್ಲಿ ಬರಬೇಕಾದರೆ ಮೊದಲು ಏನು ಬೇಕು? “ಸಾಲಿಗೆ ಹೋಗಬೇಕು.” ಯಾರಿಗೆ ಮೊದಲು ಸಾಲೆ ಸಿಕ್ಕಿತು, ಯಾರನ್ನು ಬಹಳ ಕಾಲ ಹೊರಗೆ ನಿಲ್ಲಿಸಿದರು ಎಂಬುದು ಅವರಿಗೆ ಗೊತ್ತಿತ್ತು. ಸಮಾಜ ವಿಜ್ಞಾನದಲ್ಲಿ ಓದಿದ್ದರು, ಕೆಲವರು ಅಜ್ಜನಿಂದ ಕೇಳಿದ್ದರು. ಪಟ್ಟಿಯಲ್ಲಿ ಹೆಸರು ಇಲ್ಲದಿರುವುದು ಆ ಮನೆತನದ ಕೊರತೆಯಲ್ಲ, ಪಟ್ಟಿಯ ಕೊರತೆ. ಈ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲು ಹೇಳಿದೆ.

ನಂತರ ಇನ್ನೊಂದು ಪಟ್ಟಿ ಕೊಟ್ಟೆ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಶರಣ ಪರಂಪರೆಯ ಹೆಸರುಗಳು ಇವು. ಇವು ಇಂದಿನ ಅರ್ಥದ ಅಡ್ಡಹೆಸರುಗಳಲ್ಲ, ತಂದೆಯಿಂದ ಮಗನಿಗೆ ಬರೆಸಿಕೊಂಡು ಬಂದವಲ್ಲ. ಆದರೆ ಕಾಯಕದ ಹೆಸರು ಸ್ವಂತ ಹೆಸರಿನ ಮುಂದೆಯೇ ನಿಂತಿದೆ. ನೂರಾರು ವರ್ಷಗಳಿಂದ ನಾಡು ಅವನ್ನು ಕೈಮುಗಿದು ಹೇಳುತ್ತಿದೆ. ಅವೇ ಪದಗಳನ್ನು ನಮ್ಮ ಹಾಜರಿ ಪುಸ್ತಕದಿಂದ ಕೂಗಿದಾಗ ನಗು ಬರುವುದಾದರೆ, ದೋಷ ಪದದಲ್ಲಿಲ್ಲ. ತರಗತಿ ಸುಮ್ಮನಾಗಿತ್ತು. ಮೊದಲ ದಿನ ನಕ್ಕವರ ಕಡೆ ನಾನು ಬೇಕೆಂದೇ ನೋಡಲಿಲ್ಲ.

“ಬ್ಯಾರೆ ದೇಶದಾಗೂ ಹಿಂಗ ಐತೇನ್ರಿ ಟೀಚರ್?” ಎಂದು ಒಬ್ಬ ಕೇಳಿದ. ಇದಕ್ಕೆ ನಾನು ಸ್ಪೇನ್ ದೇಶದ ಉದಾಹರಣೆ ಸಿದ್ಧ ಮಾಡಿಕೊಂಡಿದ್ದೆ, ಏಕೆಂದರೆ ಅಲ್ಲಿಯ ಅಡ್ಡಹೆಸರುಗಳು ನಮ್ಮ ಸಾಲುಗಳಲ್ಲೇ ಕುಳಿತುಕೊಳ್ಳುತ್ತವೆ. ‘ಹೆರ್ರೇರಾ’ ಎಂದರೆ ಕಬ್ಬಿಣದ ಕುಲುಮೆಯ ಜಾಗ. ನಮ್ಮ ಕಂಬಾರರ ನೆಂಟ. ‘ಮೊಲೀನಾ’ ಬೀಸುವ ಗಿರಣಿಯದು. ಕೊನೆಗೆ ‘ಎಜ್’ ಬಂದರೆ ಇಂಥವರ ಮಗ ಎಂದರ್ಥ: ಫರ್ನಾಂಡೆಜ್ ಅಂದರೆ ಫರ್ನಾಂಡೋನ ಮಗ. ಅಲ್ಲಿ ಒಬ್ಬರಿಗೆ ಎರಡು ಅಡ್ಡಹೆಸರು, ತಂದೆಯದೊಂದು, ತಾಯಿಯದೊಂದು. 2004ರಿಂದ 2011ರವರೆಗೆ ಸ್ಪೇನಿನ ಪ್ರಧಾನಿಯಾಗಿದ್ದವರ ಪೂರ್ಣ ಹೆಸರು ಹೋಸೆ ಲೂಯಿಸ್ ರೊಡ್ರಿಗೆಜ್ ಸಪಟೇರೊ. ರೊಡ್ರಿಗೆಜ್ ತಂದೆಯ ಕಡೆಯದು, ಸಪಟೇರೊ ತಾಯಿಯ ಕಡೆಯದು. ರೊಡ್ರಿಗೆಜ್ ಎನ್ನುವವರು ಅಲ್ಲಿ ಬಹಳ ಮಂದಿ. ಜನ ಅವರನ್ನು ಗುರುತಿಸಿದ್ದು ಸಪಟೇರೊ ಎಂದೇ. ‘ಸಪಟೇರೊ’ ಎಂದರೆ ಕೆರ ಹೊಲಿಯುವವರು.

ಅರ್ಥ ಹೇಳಿದಾಗ ಯಾರೂ ನಗಲಿಲ್ಲ. ಮೂರನೆಯ ಸಾಲಿನ ಹುಡುಗ ಆ ಹೆಸರನ್ನು ಇನ್ನೊಮ್ಮೆ ಹೇಳಲು ಕೇಳಿ ಬರೆದುಕೊಂಡ. ಅಷ್ಟೇ. ಅದಕ್ಕಿಂತ ಹೆಚ್ಚಿನದೇನೋ ಆಯಿತು ಎಂದು ನಾನು ಇಲ್ಲಿ ಹೇಳಿಕೊಳ್ಳುವುದಿಲ್ಲ.

ಆಗ ಒಬ್ಬ ಹುಡುಗಿ ಕೈ ಎತ್ತಿದಳು. “ಟೀಚರ್, ಲಗ್ನ ಆದ ಮ್ಯಾಲ ನಮ್ಮ ಅಡ್ಡಹೆಸರ ಬದಲಾಕ್ಕೈತಿ. ಆಗ ನಾ ಯಾವ ಸಾಲಿನ್ಯಾಗ ಬರತೇನ್ರಿ?” ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗ ಇರಲಿಲ್ಲ. ನನ್ನ ವಯಸ್ಸಿನ ಗೆಳತಿಯರು ಅಂಕಪಟ್ಟಿಯ ಹೆಸರು ಒಂದು, ಆಧಾರದ ಹೆಸರು ಇನ್ನೊಂದು ಆಗಿ ಕಚೇರಿ ಅಲೆಯುವುದನ್ನು ನೋಡಿದ್ದೇನೆ. ಸ್ಪೇನಿನಲ್ಲಿ ಮದುವೆಯಾದ ಹೆಣ್ಣು ತನ್ನ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ ಎಂದು ಹೇಳಿದೆ. ನಮ್ಮಲ್ಲಿ ಬದಲಿಸುವುದು ರೂಢಿ, ಬದಲಿಸಲೇಬೇಕೆಂಬ ನಿಯಮವಲ್ಲ ಎಂದೂ ಹೇಳಿದೆ. ಗಂಗೂಬಾಯಿ ಹಾನಗಲ್ಲರನ್ನು ನಾಡು ಅವರ ಗಂಡನ ಅಡ್ಡಹೆಸರಿನಿಂದ ಗುರುತಿಸಲಿಲ್ಲ ಎಂದು ನೆನಪಿಸಿದೆ.

ಕೊನೆಯ ಹತ್ತು ನಿಮಿಷ ಇನ್ನೊಂದು ಘಟನೆ ಹೇಳಿದೆ. ಫಿಲಿಪ್ಪೀನ್ಸ್ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1849ರಲ್ಲಿ ಕ್ಲಾವೇರಿಯಾ ಎಂಬ ಗವರ್ನರ್ ಅಡ್ಡಹೆಸರುಗಳ ಒಂದು ಪುಸ್ತಕವನ್ನೇ ಮಾಡಿಸಿ ಊರೂರಿಗೆ ಹಂಚಿಸಿದ. ತೆರಿಗೆ ಮತ್ತು ದಾಖಲೆಗೆ ಸಲೀಸಾಗಲಿ ಎಂಬುದು ಉದ್ದೇಶ. ಕೆಲವು ಕಡೆ ಪುಸ್ತಕದ ಹಾಳೆಗಳನ್ನೇ ಊರುಗಳಿಗೆ ಹಂಚಿದ್ದರಿಂದ ಒಂದು ಊರಿನವರ ಅಡ್ಡಹೆಸರುಗಳೆಲ್ಲ ಒಂದೇ ಅಕ್ಷರದಿಂದ ಶುರುವಾದವು. ಮಕ್ಕಳಿಗೆ ಇದು ಬಹಳ ಮೋಜು ಎನಿಸಿತು. ಅದರ ಹಿಂದಿನ ಮಾತೂ ಅವರಿಗೆ ತಟ್ಟಿತು: ಅಡ್ಡಹೆಸರು ರಕ್ತದಲ್ಲಿ ಹರಿದು ಬಂದದ್ದಲ್ಲ, ಯಾವುದೋ ಒಂದು ದಿನ ಯಾರೋ ಒಬ್ಬರು ಬರೆದುಕೊಂಡದ್ದು.

ಪರ್ಯಾಲೋಚನೆ

ಘಟಕ ಪರೀಕ್ಷೆಯಲ್ಲಿ ಮಕ್ಕಳು ವೃತ್ತ ನಕ್ಷೆಯನ್ನು ಚೆನ್ನಾಗಿಯೇ ಬಿಡಿಸಿದರು. ಆದರೆ ಈ ಮೂರು ಅವಧಿಗಳಲ್ಲಿ ಹೆಚ್ಚು ಕಲಿತವಳು ನಾನು. ಮುಂದೆ ಈ ಘಟಕ ಬೋಧಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಮಾತು.

1. ಮಕ್ಕಳ ಅಡ್ಡಹೆಸರು, ತಂದೆಯ ಕೆಲಸ, ಮನೆಯ ಓಣಿ ಇವನ್ನು ತರಗತಿಯ ಮುಂದೆ ದತ್ತಾಂಶವಾಗಿ ಕೇಳಬೇಡಿ. ಕೇಳಲೇಬೇಕಾದರೆ ಹೆಸರಿಲ್ಲದ ಚೀಟಿಯಲ್ಲಿ, ಬರೆಯದಿರುವ ಅವಕಾಶದೊಂದಿಗೆ ಕೇಳಿ. ಅಂಗಡಿಯ ಫಲಕ, ಲಗ್ನಪತ್ರಿಕೆ, ಪಠ್ಯದ ಲೇಖಕರ ಹೆಸರುಗಳು ಸಾಕಷ್ಟು ಸಾಮಗ್ರಿ ಕೊಡುತ್ತವೆ.

2. ವರ್ಗೀಕರಣದ ಸಾಲುಗಳನ್ನು ಮೊದಲೇ ಬರೆದುಕೊಂಡು ಹೋಗಬೇಡಿ. ಮಕ್ಕಳೇ ಮಾಡಲಿ. ‘ಇತರೆ’ ಎಂಬ ಸಾಲಿಗೆ ಅವರು ತಾವಾಗಿ ಬಂದರೆ ಅರ್ಧ ಪಾಠ ಮುಗಿದಂತೆ.

3. ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಎಣಿಸಿದ ಮೇಲೆ ಯಾರಿಲ್ಲ ಎಂದೂ ಕೇಳಿ. ಮಾದರಿಯ ಓಲನ್ನು ಕಲಿಸಲು ಇದು ಸುಲಭದ ದಾರಿ.

4. ಹೆಸರಿನ ಮೂಲವನ್ನು ಹೇಳುವಾಗ ‘ಆಗಿತ್ತು’ ಎನ್ನಿ, ‘ಆಗಿದೆ’ ಎನ್ನಬೇಡಿ. ಕುಲಕರ್ಣಿ ಲೆಕ್ಕ ಬರೆಯುತ್ತಿದ್ದ, ಕಂಬಾರ ಕಬ್ಬಿಣ ಬಡಿಯುತ್ತಿದ್ದ. ನಮ್ಮ ಮುಂದೆ ಬೆಂಚಿನ ಮೇಲೆ ಕುಳಿತಿರುವ ಮಗು ಅವೆರಡೂ ಅಲ್ಲ, ಎಂಟನೆಯ ತರಗತಿಯ ವಿದ್ಯಾರ್ಥಿ.

ಬೋಧನಾಭ್ಯಾಸದ ಕೊನೆಯ ದಿನ ನಾನು ಹಾಜರಿಯನ್ನು ಸ್ವಂತ ಹೆಸರುಗಳಿಂದ ಮಾತ್ರ ಕೂಗಿದೆ. ಒಂದೇ ಹೆಸರಿನವರು ಇಬ್ಬರು ಇದ್ದರು. “ಯಾವ ಒಬ್ಬ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ತರಗತಿ ನಕ್ಕಿತು, ಅವರೂ ನಕ್ಕರು. ಅಡ್ಡಹೆಸರು ಹೇಳದೆ ಅವರವರ ಹಾಜರಿ ಸಂಖ್ಯೆ ಹೇಳಿದೆ, ಸಮಸ್ಯೆ ಬಗೆಹರಿಯಿತು.